ಇಂಗ್ಲೆಂಡಿನ ಹೊಲದಲ್ಲಿ ಒಂದು ಸೈಟು

ವಿದೇಶದಲ್ಲಿ ಜಮೀನು ತಗೊಳ್ಳಿ ಅನ್ನುವ ಜಾಹೀರಾತುಗಳು ಎಲ್ಲಾ ಒಂದೇ ಥರ ಇರುತ್ತವೆ. ಒಂದು ಹಸಿರು ಹೊಲ. ಹಿಂದೆ ಎಲ್ಲೋ ಚರ್ಚಿನ ಗೋಪುರ. ಲಂಡನ್ನಿಗೆ ರೈಲಿನಲ್ಲಿ ನಲವತ್ತು ನಿಮಿಷ ಅಂತ ಒಂದು ಸಾಲು. ಅದರ ಕೆಳಗೆ ಬೆಲೆ. ಆ ಬೆಲೆ ನೋಡಿದ ತಕ್ಷಣ ಬೆಂಗಳೂರಿನವರ ತಲೆಯಲ್ಲಿ ಲೆಕ್ಕ ಓಡುತ್ತದೆ. ಈ ದುಡ್ಡಿಗೆ ನಮ್ಮೂರಲ್ಲಿ ಥರ್ಟಿ ಫಾರ್ಟಿ ಸೈಟು ಬಿಡಿ, ಕಾರ್ ನಿಲ್ಲಿಸುವ ಜಾಗವೂ ಬರಲ್ಲ. ಇಲ್ಲಿ ಇಂಗ್ಲೆಂಡಿನಲ್ಲೇ ಭೂಮಿ ಸಿಗುತ್ತಿದೆ, ಅದೂ ಸ್ವಂತ ಹೆಸರಿಗೆ. ಹತ್ತು ವರ್ಷ ಸುಮ್ನೆ ಬಿಟ್ಟರೆ ಹತ್ತು ಪಟ್ಟು ಅಂತಾರೆ. ಹತ್ತು ಬೇಡ, ನಾಲ್ಕು ಪಟ್ಟಾದರೂ ಆಗಲ್ವಾ?

ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದೇನೆ. ಇಲ್ಲಿಯ ಕನ್ನಡದವರ ನಡುವೆ ಈ ಮಾತು ಆಗಾಗ ಬರುತ್ತದೆ. ಯುಗಾದಿ ಊಟದ ಸಾಲಿನಲ್ಲಿ ನಿಂತಾಗಲೂ ಬರುತ್ತದೆ. ಕೇಳುವವರು ಪೆದ್ದರಲ್ಲ. ಸಾಫ್ಟ್‌ವೇರಿನವರು, ಡಾಕ್ಟರು, ಲೆಕ್ಕಪತ್ರದವರು. ಊರಲ್ಲಿ ಅಪ್ಪನ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಿಳಿದವರು. ಸಾಲ ಅಡಮಾನ ತೋರಿಸುವ ಇಸಿ ಅಂದರೆ ಏನು, ಅಳತೆ ಮಾಡಿ ಪಾಲು ಬೇರೆ ಮಾಡುವ ಪೋಡಿ ಆಗಿದೆಯೋ ಇಲ್ಲವೋ ಹೇಗೆ ನೋಡಬೇಕು, ಎಲ್ಲ ಗೊತ್ತು. ನನ್ನ ಅನಿಸಿಕೆ ಏನೆಂದರೆ, ಈ ಗೊತ್ತಿರುವುದೇ ಇಲ್ಲಿ ಕೈಕೊಡುತ್ತದೆ. ಏನೂ ತಿಳಿಯದವನು ಹೆದರಿ ಹಿಂದೆ ಸರಿಯುತ್ತಾನೆ. ಊರಿನ ಜಮೀನು ವ್ಯವಹಾರ ಅರೆದು ಕುಡಿದವನೇ ಧೈರ್ಯವಾಗಿ ಸಹಿ ಹಾಕುತ್ತಾನೆ.

ಮೊದಲು ಈ ವ್ಯಾಪಾರ ಹೇಗೆ ನಡೆಯುತ್ತದೆ ಹೇಳಿಬಿಡುತ್ತೇನೆ. ಒಂದು ಕಂಪನಿ ಊರಂಚಿನ ಹೊಲ ಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಸಾಧಾರಣ ಬೇಸಾಯದ ಭೂಮಿ ಈಚಿನ ವರ್ಷಗಳಲ್ಲಿ ಎಕರೆಗೆ ಹತ್ತಿರ ಹತ್ತಿರ 10,000 ಪೌಂಡ್. 20 ಎಕರೆ ಅಂದರೆ 2 ಲಕ್ಷ ಪೌಂಡ್. ಎಕರೆಗೆ ಹತ್ತರಂತೆ 200 ಪ್ಲಾಟು ಮಾಡಿ, ಒಂದೊಂದನ್ನು 12,000ಕ್ಕೆ ಮಾರಿದರೆ 24 ಲಕ್ಷ ಪೌಂಡ್ ಕೈಗೆ ಬಂತು. ರಸ್ತೆ ಹಾಕಿಲ್ಲ, ಚರಂಡಿ ತೆಗೆದಿಲ್ಲ, ಕರೆಂಟಿನ ಒಂದು ಕಂಬ ನೆಟ್ಟಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದಿದ್ದು, ಬ್ರೋಷರ್ ಅಚ್ಚು ಹಾಕಿಸಿದ್ದು, ಫೋನ್ ಮಾಡಲು ಹುಡುಗರನ್ನು ಇಟ್ಟಿದ್ದು, ಇಷ್ಟೇ ಖರ್ಚು. ಇದನ್ನು ಲ್ಯಾಂಡ್ ಬ್ಯಾಂಕಿಂಗ್ ಅಂತಾರೆ. ಹಣ ಹತ್ತು ಪಟ್ಟಾಗುತ್ತದೆ ಅಂದಿದ್ದು ಸುಳ್ಳಲ್ಲ ನೋಡಿ, ಆಗಿಯೇ ಆಗುತ್ತದೆ. ಮಾರುವವನ ಹಣ.

ಕೊಂಡವರ ಹಣ ಯಾಕೆ ಆಗಲ್ಲ ಅನ್ನೋದಕ್ಕೆ 1947ಕ್ಕೆ ಹೋಗಬೇಕು. ನಮಗೆ ಆ ವರ್ಷ ಬೇರೆ ಕಾರಣಕ್ಕೆ ನೆನಪು. ಅದೇ ವರ್ಷ ಬ್ರಿಟನ್ನಿನ ಪ್ರಧಾನಿ ಆಟ್ಲಿಯ ಸರ್ಕಾರ ತನ್ನ ದೇಶದಲ್ಲಿ ಟೌನ್ ಅಂಡ್ ಕಂಟ್ರಿ ಪ್ಲ್ಯಾನಿಂಗ್ ಕಾಯ್ದೆ ತಂದಿತು. 1948ರ ಜುಲೈ 1ರಿಂದ ಜಾರಿಗೆ ಬಂತು. ಅಂದಿನಿಂದ ಭೂಮಿಯ ಒಡೆತನ ಬೇರೆ, ಅದರ ಮೇಲೆ ಕಟ್ಟುವ ಹಕ್ಕು ಬೇರೆ. ಹೊಲ ನಿಮ್ಮದೇ. ಉಳಬಹುದು, ಕುರಿ ಮೇಯಿಸಬಹುದು. ಮನೆ ಕಟ್ಟುವ ಹಕ್ಕು ಮಾತ್ರ ಸರ್ಕಾರದ ಕೈಲಿ. ಸ್ಥಳೀಯ ಕೌನ್ಸಿಲ್ ಅನುಮತಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅನುಮತಿ ಸಿಗಲಿಲ್ಲ ಅಂತ ಪರಿಹಾರ ಕೇಳುವ ಹಾಗೂ ಇಲ್ಲ.

ಆಮೇಲೆ 1955ರಲ್ಲಿ ಡಂಕನ್ ಸ್ಯಾಂಡಿಸ್ ಅನ್ನುವ ಮಂತ್ರಿ ಒಂದು ಸುತ್ತೋಲೆ ಹೊರಡಿಸಿದ. ದೊಡ್ಡ ಊರುಗಳ ಸುತ್ತ ಹಸಿರು ಪಟ್ಟಿ ಬಿಡಿ, ಊರು ಬೆಳೆದು ಪಕ್ಕದ ಊರಿಗೆ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳಿ ಅಂತ. ಅದೇ ಗ್ರೀನ್ ಬೆಲ್ಟ್. ಇವತ್ತು ಇಂಗ್ಲೆಂಡಿನ ನೆಲದಲ್ಲಿ ನೂರಕ್ಕೆ 12-13 ಪಾಲು ಇದರೊಳಗೆ ಇದೆ. ಲಂಡನ್ನಿನ ಸುತ್ತ ಇರುವುದು ಎಲ್ಲಕ್ಕಿಂತ ದೊಡ್ಡದು. ಬ್ರೋಷರ್‌ನಲ್ಲಿ ಬರುವ ಹೊಲಗಳು ಬಹುಪಾಲು ಅಲ್ಲಿಯವೇ. ಯಾಕೆಂದರೆ ಲಂಡನ್ನಿಗೆ ಅಷ್ಟು ಹತ್ತಿರ ಇದ್ದೂ ಅಷ್ಟು ಅಗ್ಗಕ್ಕೆ ಇನ್ನಾವ ಭೂಮಿಯೂ ಸಿಗಲ್ಲ. ಅಗ್ಗ ಯಾಕೆ ಅನ್ನುವ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ಅನುಮತಿ ಒಂದು ಸಿಕ್ಕಿತು ಅಂದರೆ ಅದೇ ಹೊಲದ ಬೆಲೆ ಆಕಾಶಕ್ಕೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಬೇಸಾಯದ ಭೂಮಿಗೂ ಮನೆ ಕಟ್ಟಲು ಅನುಮತಿ ಇರುವ ಭೂಮಿಗೂ ಸುಮಾರು ನೂರು ಪಟ್ಟು ಅಂತರ. ಬ್ರೋಷರ್ ಬರೆಯುವವರು ಈ ಒಂದು ಲೆಕ್ಕವನ್ನು ತಪ್ಪದೇ ಹಾಕುತ್ತಾರೆ, ಅದು ನಿಜವೂ ಹೌದು. ಸರಿಯಾದ ಅಂಕಿಯನ್ನೇ ಕೊಟ್ಟು, ಅದು ಈ ಹೊಲಕ್ಕೂ ಬರುತ್ತದೆ ಅಂತ ನಾವೇ ಅಂದುಕೊಳ್ಳಲಿ ಅಂತ ಬಿಟ್ಟುಬಿಡುತ್ತಾರೆ.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಸುತ್ತ ದುಡ್ಡು ಮಾಡಿದವರ ಕಥೆ ಎಲ್ಲರಿಗೂ ಗೊತ್ತು. ತೊಂಬತ್ತರ ದಶಕದಲ್ಲಿ ಯಾರೋ ದೂರದಲ್ಲಿ ರೆವಿನ್ಯೂ ಸೈಟು ತಗೊಂಡ. ಬೇಸಾಯದ ಭೂಮಿಯನ್ನು ಮನೆ ಕಟ್ಟಲು ಬದಲಿಸುವ ಡಿಸಿ ಕನ್ವರ್ಷನ್ ಆಗಿರಲಿಲ್ಲ. ನೆಂಟರೆಲ್ಲ ಬೈದರು. ಊರು ಬೆಳೆಯಿತು. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಂದೇ ಏಟಿಗೆ ಪಾಲಿಕೆಯೊಳಗೆ ಬಂದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಶುರುವಾಯಿತು. ಬೈದ ನೆಂಟರೇ ಆಮೇಲೆ ಅಲ್ಲೇ ಅಕ್ಕಪಕ್ಕದಲ್ಲಿ ಸೈಟು ಹುಡುಕಿಕೊಂಡು ಹೋದರು. ಪೂರ್ತಿ ಸಕ್ರಮವಲ್ಲದ ಬಿ ಖಾತಾ ಆದರೂ ಪರವಾಗಿಲ್ಲ, ನೀರಿನ ಕನೆಕ್ಷನ್ ಬರುತ್ತದೆ, ಕರೆಂಟು ಬರುತ್ತದೆ, ಕಾರ್ಪೊರೇಟರ್ ರಸ್ತೆಗೆ ಟಾರು ಹಾಕಿಸುತ್ತಾನೆ. ನಿಯಮ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಸರಿ ಮಾಡಿಕೊಡುವ ಅಕ್ರಮ ಸಕ್ರಮಕ್ಕೆ ಸುಪ್ರೀಂ ಕೋರ್ಟು 2017ರಲ್ಲಿ ತಡೆ ಕೊಟ್ಟಿತು, ನಿಜ. ಆದರೂ ಇವತ್ತಲ್ಲ ನಾಳೆ ಆಗುತ್ತದೆ ಅನ್ನುವ ನಂಬಿಕೆ ಯಾರಿಗೂ ಹೋಗಿಲ್ಲ. ಹೋಗಬೇಕಾದ ಕಾರಣವೂ ಇಲ್ಲ, ಬಹಳ ಸಲ ಆಗಿಯೇ ಇದೆ.

ನಮಗೆ ಬೆಂಗಳೂರು ಕಲಿಸಿದ್ದು ಇದು: ಊರು ಬರುತ್ತದೆ, ಕಾನೂನು ಊರಿನ ಹಿಂದೆಯೇ ಬರುತ್ತದೆ, ಕಾಯುವವನು ಗೆಲ್ಲುತ್ತಾನೆ. ಈ ಪಾಠ ತಪ್ಪಲ್ಲ. ಬೆಂಗಳೂರಿಗೆ ಪೂರ್ತಿ ಸರಿ. ಅದನ್ನು ವಿಮಾನ ಹತ್ತಿಸಿಕೊಂಡು ಲಂಡನ್ ಪಕ್ಕದ ಹರ್ಟ್‌ಫರ್ಡ್‌ಶೈರಿಗೆ ತಂದರೆ ಕೆಲಸ ಮಾಡಲ್ಲ ಅಷ್ಟೆ. ಅಲ್ಲಿ ಕಾನೂನು ಮೊದಲೇ ಬಂದು ಎಪ್ಪತ್ತು ವರ್ಷದಿಂದ ಹೊಲದ ಬೇಲಿ ಹತ್ತಿರ ನಿಂತಿದೆ.

ಹರ್ಟ್‌ಫರ್ಡ್‌ಶೈರ್ ಅಂತ ಸುಮ್ನೆ ಹೇಳಲಿಲ್ಲ. ನನ್ನ ಗೆಳೆಯನೊಬ್ಬ ಬಹಳ ವರ್ಷದ ಹಿಂದೆ ಅಲ್ಲೊಂದು ಪ್ಲಾಟು ತಗೊಂಡಿದ್ದ. ಆಗ ಸ್ಲೌನಲ್ಲಿ ಕೆಲಸ. ಹೋಟೆಲ್ಲಿನ ಹಾಲ್‌ನಲ್ಲಿ ಸಮೋಸಾ ಕೊಟ್ಟು, ಸ್ಲೈಡ್ ತೋರಿಸಿ ಮಾರಿದ್ದರು. ಆಮೇಲೆ ಅವನು ಬೆಂಗಳೂರಿಗೆ ವಾಪಸ್ ಹೋದ. ಕಂಪನಿ ಮುಚ್ಚಿಕೊಂಡು ಹೋಯಿತು. ಹೊಲ ಏನಾಗಿದೆ ನೋಡಿಕೊಂಡು ಬಾ ಮಗಾ ಅಂತ ಅವನು ಹೇಳುತ್ತಲೇ ಇದ್ದ, ನಾನು ಆಯ್ತು ಆಯ್ತು ಅನ್ನುತ್ತಲೇ ಇದ್ದೆ.

ಕೊನೆಗೆ ಹೋಗಿದ್ದು ನನ್ನ ಹೆಂಡತಿಯ ಸೋದರಮಾವ ಬಂದಿದ್ದಾಗ. ಅರಸೀಕೆರೆ ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗರಾಗಿ ರಿಟೈರ್ ಆದವರು. ಕಂಪ್ಯೂಟರ್ ಪಹಣಿ ಬರುವ ಮುಂಚೆ ಕೈಯಲ್ಲಿ ಬರೆದವರು. ಬಿಗ್ ಬೆನ್ ನೋಡಿ ಅವರಿಗೆ ಅಂಥದ್ದೇನೂ ಅನಿಸಲಿಲ್ಲ. ಹೊಲ ಇದೆ, ನೋಡೋಣ ಬನ್ನಿ ಮಾವ ಅಂದೆ ನೋಡಿ, ಷೂ ಹಾಕಿಕೊಂಡು ನನಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದರು.

ಹೋಗುವ ಮುಂಚೆ ದಾಖಲೆ ತೆಗೆಸಿದೆ. ಇಲ್ಲಿ ಅದು ತೀರಾ ಸುಲಭ. ಲ್ಯಾಂಡ್ ರಿಜಿಸ್ಟ್ರಿಯ ಸೈಟಿಗೆ ಹೋಗಿ ಶುಲ್ಕ ಕಟ್ಟಿದರೆ ಯಾರ ಜಮೀನಿನ ಟೈಟಲ್, ಅಂದರೆ ಒಡೆತನದ ದಾಖಲೆ, ಬೇಕಾದರೂ ಸಿಗುತ್ತದೆ. ಮೊದಲು 3 ಪೌಂಡ್ ಇತ್ತು, 2024ರ ಡಿಸೆಂಬರಿನಿಂದ 7 ಪೌಂಡ್. ಲಂಚ ಇಲ್ಲ, ನಾಳೆ ಬನ್ನಿ ಇಲ್ಲ. ಬಂದ ಕಾಗದವನ್ನು ಮಾವ ಕಾರಿನಲ್ಲಿ ಕೂತು ಉದ್ದಕ್ಕೂ ಓದಿದರು. ಹೆಸರು ಸರಿ ಇದೆ. ಕೊಂಡ ತಾರೀಕು ಇದೆ. ಕೊಟ್ಟ ಬೆಲೆ ಇದೆ. ಸಾಲ, ಅಡಮಾನ ಏನೂ ಇಲ್ಲ. ನಕ್ಷೆಯಲ್ಲಿ ಪ್ಲಾಟಿನ ಸುತ್ತ ಕೆಂಪು ಗೆರೆ. ನಮ್ಮಲ್ಲಿ ನೋಂದಣಿ ಆಗುವುದು ಕ್ರಯಪತ್ರ, ಒಡೆತನಕ್ಕೆ ಸರ್ಕಾರದ ಜವಾಬ್ದಾರಿ ಇಲ್ಲ. ಇಲ್ಲಿ ಒಡೆತನಕ್ಕೇ ಸರ್ಕಾರದ ಖಾತರಿ, ರಿಜಿಸ್ಟರಿನಲ್ಲಿ ತಪ್ಪಾಗಿ ನಷ್ಟವಾದರೆ ಪರಿಹಾರವೂ ಉಂಟು. ಇದನ್ನು ಹೇಳಿದಾಗ ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು.

"ದಾಖಲೆ ಪಕ್ಕಾ ಐತಲ್ಲ ಅಳಿಯಂದ್ರೇ. ಮತ್ತೆ ಮೋಸ ಎಲ್ಲೈತೆ?"

ಅದೇ ವಿಷಯ. ನಾವು ಊರಲ್ಲಿ ಜಮೀನು ನೋಡುವಾಗ ಭಯ ಪಡುವುದು ಕಾಗದಕ್ಕೆ. ಒಂದೇ ಸೈಟು ಇಬ್ಬರಿಗೆ ಮಾರಿದ್ದಾನಾ, ಅಣ್ಣತಮ್ಮಂದಿರ ಪಾಲು ಉಳಿದಿದೆಯಾ, ಹೆಣ್ಣುಮಕ್ಕಳು ಸಹಿ ಹಾಕಿದ್ದಾರಾ, ಗೋಮಾಳವಾ, ಕೆರೆ ಅಂಗಳವಾ. ಕಾಗದ ಶುದ್ಧ ಇದ್ದರೆ ಮುಕ್ಕಾಲು ಪಾಲು ಗೆದ್ದ ಹಾಗೆ. ಇಂಗ್ಲೆಂಡಿನ ಪ್ಲಾಟು ಮಾರುವವನಿಗೆ ಕಾಗದ ತಿದ್ದುವ ಅಗತ್ಯವೇ ಬೀಳಲ್ಲ. ಅವನು ತೋರಿಸುವ ಟೈಟಲ್ ಸಾಚಾ. ವಕೀಲರು ಇರುತ್ತಾರೆ, ರಿಜಿಸ್ಟ್ರಿಯಲ್ಲಿ ಹೆಸರೂ ಬರುತ್ತದೆ. ನಾವು ಹುಡುಕುವ ಜಾಗದಲ್ಲೆಲ್ಲ ಹುಡುಕಿ, ಏನೂ ಸಿಗದೆ, ನೆಮ್ಮದಿಯಿಂದ ದುಡ್ಡು ಕಟ್ಟುತ್ತೇವೆ.

ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಮರದ ಗೇಟು. ಪಕ್ಕದ ಕಂಬದ ಮೇಲೆ ಹಳದಿ ಬಾಣದ ಗುರುತು. ಅಂದರೆ ಹೊಲದ ಮಧ್ಯೆ ಸಾರ್ವಜನಿಕರ ಕಾಲುದಾರಿ ಹಾದು ಹೋಗುತ್ತದೆ, ಮಾಲೀಕ ಅಡ್ಡ ಹಾಕುವ ಹಾಗಿಲ್ಲ. ಒಳಗೆ ಮೊಣಕಾಲುದ್ದ ಹುಲ್ಲು, ಮುಳ್ಳಿನ ಬ್ಲ್ಯಾಕ್‌ಬೆರಿ ಪೊದೆ. ಅಲ್ಲಲ್ಲಿ ಗೂಟಗಳು. ಕೆಲವು ಬಿದ್ದಿವೆ, ಕೆಲವು ಕೊಳೆತು ಅರ್ಧವಾಗಿವೆ. ಒಂದರ ಮೇಲೆ ತಗಡಿನ ಚೂರಿನಲ್ಲಿ ನಂಬರ್ ಇತ್ತು. ನಮ್ಮ ಗೆಳೆಯನದಲ್ಲ. ಅವನ ಪ್ಲಾಟು ಯಾವುದು ಅಂತ ಫೋನಿನ ನಕ್ಷೆ ಹಿಡಿದುಕೊಂಡು ನಾನು ಆ ಕಡೆ ಈ ಕಡೆ ಓಡಾಡಿದೆ. ಮಾವ ಅದರ ಗೋಜಿಗೆ ಹೋಗಲಿಲ್ಲ. ಒಂದು ಹಿಡಿ ಮಣ್ಣು ಕಿತ್ತು ಬೆರಳಲ್ಲಿ ಉಜ್ಜಿದರು, ಜೇಡಿ ಜಾಸ್ತಿ ಅಂದರು. ಇಳಿಜಾರು ನೋಡಿದರು, ಮಳೆಗಾಲದಲ್ಲಿ ಕೆಳಗಡೆ ನೀರು ನಿಲ್ಲುತ್ತದೆ ಅಂದರು. ಆಮೇಲೆ ನಿಂತು ಸುತ್ತ ಕಣ್ಣಾಡಿಸಿದರು.

"ಈ ಇನ್ನೂರು ಜನದಲ್ಲಿ ಯಾರಾದ್ರೂ ಒಬ್ರು ಒಪ್ಪಲ್ಲ ಅಂದ್ರೆ?"

ಈ ಪ್ಲಾಟುಗಳ ಬಗ್ಗೆ ನಾಲ್ಕು ತಿಂಗಳು ಓದಿದರೂ ನನಗೆ ಹೊಳೆಯದ ಪ್ರಶ್ನೆ ಅವರಿಗೆ ಹತ್ತು ನಿಮಿಷಕ್ಕೆ ಹೊಳೆಯಿತು. ಜಂಟಿ ಖಾತೆಯ ಜಗಳ ನೋಡಿ ನೋಡಿ ಕಣ್ಣು ಬೆಳ್ಳಗಾದವರು ಅಲ್ವಾ. ಎಕರೆಯ ಹತ್ತನೇ ಒಂದು ಪಾಲಿನಲ್ಲಿ ಯಾರಿಗೂ ಪ್ರತ್ಯೇಕವಾಗಿ ಮನೆಗೆ ಅನುಮತಿ ಸಿಗಲ್ಲ. ಸಿಗುವುದಾದರೆ ಇಡೀ ಹೊಲಕ್ಕೆ, ಒಂದು ಬಡಾವಣೆಯಾಗಿ ಸಿಗಬೇಕು. ಅದಕ್ಕೆ ದೊಡ್ಡ ಬಿಲ್ಡರ್ ಬರಬೇಕು. ಅವನು ಬಂದರೆ ಸಿಂಗಪುರದಲ್ಲೊಬ್ಬ, ಕೌಲಾಲಂಪುರದಲ್ಲೊಬ್ಬ, ಜಯನಗರದಲ್ಲೊಬ್ಬ, ತೀರಿಹೋದವರ ಮಕ್ಕಳು ಇನ್ನೆಲ್ಲೋ, ಹೀಗೆ ಇನ್ನೂರು ಮಾಲೀಕರನ್ನು ಹುಡುಕಿ ಸಹಿ ಹಾಕಿಸಬೇಕು. ಪಕ್ಕದಲ್ಲೇ ಒಬ್ಬನೇ ರೈತನ ಹೆಸರಿನಲ್ಲಿ ಅಷ್ಟೇ ದೊಡ್ಡ ಹೊಲ ಇರುವಾಗ ಇವರ ಹತ್ತಿರ ಯಾಕೆ ಬರುತ್ತಾನೆ? ಅಂದರೆ ಪ್ಲಾಟು ಮಾಡಿದ್ದರಿಂದಲೇ ಆ ಹೊಲದಲ್ಲಿ ಮನೆ ಏಳುವ ಸಾಧ್ಯತೆ ಇನ್ನಷ್ಟು ಕಡಿಮೆಯಾಯಿತು. ಮಾರಿದ ದಿನವೇ ಅದರ ಭವಿಷ್ಯ ಮುಗಿಯಿತು ಅಂದರೂ ನಡೆಯುತ್ತದೆ.

ಇಷ್ಟಾಗಿ ಪ್ಲಾಟಿನ ಸುತ್ತ ಬೇಲಿಯಾದರೂ ಹಾಕಿಕೊಳ್ಳೋಣ ಅಂದರೆ, ಲಂಡನ್ ಸುತ್ತಲಿನ ಹಲವು ಕೌನ್ಸಿಲ್‌ಗಳು ಇಂಥ ಹೊಲಗಳ ಮೇಲೆ ಆರ್ಟಿಕಲ್ 4 ಆದೇಶ ಹೊರಡಿಸಿವೆ. ಬೇರೆ ಕಡೆ ಅನುಮತಿ ಇಲ್ಲದೆ ಹಾಕಬಹುದಾದ ಬೇಲಿ, ಗೇಟು, ತಾತ್ಕಾಲಿಕ ಶೆಡ್ಡು, ಇವಕ್ಕೂ ಅಲ್ಲಿ ಅನುಮತಿ ಬೇಕು. ಹೊಲ ಚೂರು ಚೂರಾಗಿ ಕೊಳೆಗೇರಿಯ ಹಾಗೆ ಕಾಣಬಾರದು ಅಂತ.

ಹಾಗಾದರೆ ಇಂಗ್ಲಿಷರು ಎಲ್ಲ ನಿಯಮ ಪಾಲಿಸುವ ಸಾಧುಗಳಾ? ಅಲ್ಲ. ಅವರಲ್ಲೂ ಒಂದು ಕಿಂಡಿ ಇದೆ. ಅನುಮತಿ ಇಲ್ಲದೆ ಮನೆ ಕಟ್ಟಿ, ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದಿದ್ದರೆ ಆಮೇಲೆ ಕೌನ್ಸಿಲ್ ಕೆಡವಿಸುವ ಹಾಗಿರಲಿಲ್ಲ. 2024ರ ಏಪ್ರಿಲ್‌ನಿಂದ ಅದು ಹತ್ತು ವರ್ಷ ಆಗಿದೆ. ಸರ್ರೆಯ ಸಾಲ್ಫರ್ಡ್ಸ್ ಅನ್ನುವಲ್ಲಿ ಒಬ್ಬ ರೈತ ಇದನ್ನೇ ನಂಬಿಕೊಂಡು ತನ್ನ ಜಮೀನಿನಲ್ಲಿ ಕೋಟೆಯಂಥ ಮನೆ ಕಟ್ಟಿದ, ಗೋಪುರ ಸಮೇತ. ಕಾಣದ ಹಾಗೆ ಸುತ್ತ ಹುಲ್ಲಿನ ಪಿಂಡಿಗಳನ್ನು ಒಟ್ಟಿ, ಮೇಲೆ ಟಾರ್ಪಾಲು ಹೊದಿಸಿ, ಅದರೊಳಗೆ ಹೆಂಡತಿ ಮಗುವಿನ ಜೊತೆ ನಾಲ್ಕು ವರ್ಷ ಸಂಸಾರ ಮಾಡಿದ. 2006ರಲ್ಲಿ ಹುಲ್ಲು ಸರಿಸಿದ. ಮಾವನಿಗೆ ಈ ಕಥೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹತ್ತು ವರ್ಷ ಕೇಸು ನಡೆಯಿತು. ಬಚ್ಚಿಟ್ಟ ಮನೆಗೆ ಈ ರಿಯಾಯಿತಿ ಇಲ್ಲ ಅಂತಾಯಿತು. 2016ರಲ್ಲಿ ಕೆಡವಲೇಬೇಕಾಯಿತು. ಆ ಮನುಷ್ಯ ಬೆಂಗಳೂರಿನ ಹೊರವಲಯದಲ್ಲಿ ಕಟ್ಟಿದ್ದರೆ ಹುಲ್ಲಿನ ಖರ್ಚಾದರೂ ಉಳಿಯುತ್ತಿತ್ತು.

ಜಮೀನಿನ ಜೊತೆ ಅಂಟಿಕೊಂಡು ಬರುವ ಹೊರೆಗಳೂ ಇಲ್ಲಿ ವಿಚಿತ್ರ. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಅನ್ನುವ ಹಳ್ಳಿಯಲ್ಲಿ ಒಂದು ದಂಪತಿಗೆ ತೋಟದ ಮನೆ, ಹೊಲ ಪಿತ್ರಾರ್ಜಿತವಾಗಿ ಬಂತು. ಅದರ ಜೊತೆಗೆ ಊರಿನ ಹಳೇ ಚರ್ಚಿನ ಗರ್ಭಗುಡಿಯಂಥ ಭಾಗದ ರಿಪೇರಿ ಮಾಡಿಸುವ ಹೊಣೆಯೂ ಬಂತು. ನೂರಾರು ವರ್ಷದ ಹಿಂದಿನ ಕಟ್ಟಳೆ. ಕೇಸು ಆಗಿನ ಅತಿ ದೊಡ್ಡ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ 2003ರಲ್ಲಿ ಅವರಿಗೇ ಸೋಲಾಯಿತು. ರಿಪೇರಿ ಬಿಲ್ಲು ಕೊನೆಗೆ ಲಕ್ಷ ಪೌಂಡ್ ದಾಟಿತು. 2013ರ ಅಕ್ಟೋಬರಿನಿಂದ ಈಚೆಗೆ ಇಂಥ ಹೊಣೆಯನ್ನು ರಿಜಿಸ್ಟ್ರಿಯಲ್ಲಿ ಬರೆಸಿರಬೇಕು, ಇಲ್ಲದಿದ್ದರೆ ಆಮೇಲೆ ಜಮೀನು ಕೊಂಡವನಿಗೆ ತಗಲುವುದಿಲ್ಲ. "ನಮ್ಮ ದೇವರ ಇನಾಂ ಜಮೀನು ಇದ್ದಂಗಾಯ್ತು" ಅಂದರು ಮಾವ. ಇದೊಂದು ಅವರಿಗೆ ಸರಾಗವಾಗಿ ಅರ್ಥವಾಯಿತು.

ಭೂಮಿಯಲ್ಲಿ ಇಲ್ಲಿ ನಿಜವಾಗಿ ದುಡ್ಡು ಮಾಡುವವರು ಬೇರೆ. ದೊಡ್ಡ ಬಿಲ್ಡರುಗಳು ಹೊಲ ಕೊಳ್ಳುವುದೇ ಅಪರೂಪ. ರೈತನಿಗೆ ಒಂದಿಷ್ಟು ಮುಂಗಡ ಕೊಟ್ಟು, ಮುಂದೆ ಅನುಮತಿ ಸಿಕ್ಕರೆ ಮಾರ್ಕೆಟ್ ಬೆಲೆಗಿಂತ ಸ್ವಲ್ಪ ಕಡಿಮೆಗೆ ನಮಗೇ ಕೊಡಬೇಕು ಅಂತ ಕರಾರು ಮಾಡಿಕೊಳ್ಳುತ್ತಾರೆ. ಆಪ್ಷನ್ ಅಂತಾರೆ. ಆಮೇಲೆ ವರ್ಷಗಟ್ಟಲೆ, ಎಲ್ಲಿ ಮನೆ ಬರಬೇಕು ಅಂತ ಗುರುತಿಸುವ ಕೌನ್ಸಿಲ್ಲಿನ ಲೋಕಲ್ ಪ್ಲ್ಯಾನಿನ ಹಿಂದೆ ಬೀಳುತ್ತಾರೆ. ಪ್ಲ್ಯಾನರ್, ವಕೀಲ, ಟ್ರಾಫಿಕ್ ಸರ್ವೆ, ಬಾವಲಿ ಸರ್ವೆ, ಎಲ್ಲಕ್ಕೂ ದುಡ್ಡು ಸುರಿಯುತ್ತಾರೆ. ಅನುಮತಿ ಸಿಗದಿದ್ದರೆ ಖರ್ಚು ಹೋಯಿತು, ಹೊಲ ರೈತನಿಗೆ ಉಳಿಯಿತು. ಇನ್ನೊಂದು ಜಾತಿಯವರು ಬಡಾವಣೆಗೆ ದಾರಿ ಬಿಡಬೇಕಾದ ಒಂದು ಸಣ್ಣ ಪಟ್ಟಿ ಹಿಡಿದುಕೊಂಡು ಕೂತಿರುತ್ತಾರೆ. ರ‍್ಯಾನ್ಸಮ್ ಸ್ಟ್ರಿಪ್. 1961ರ ಕೇಂಬ್ರಿಡ್ಜಿನ ಒಂದು ಕೇಸಿನಿಂದ ಬಂದ ರೂಢಿಯಂತೆ, ದಾರಿ ಬಿಟ್ಟುಕೊಡಲು ಹೆಚ್ಚಿದ ಬೆಲೆಯ ಮೂರನೇ ಒಂದು ಪಾಲು ಕೇಳುತ್ತಾರೆ. ಹೊಲದ ಮಧ್ಯದ 137ನೇ ನಂಬರ್ ಪ್ಲಾಟಿನವನಿಗೆ ಈ ಆಟದಲ್ಲಿ ಜಾಗವೇ ಇಲ್ಲ.

ಪ್ಲಾಟು ಮಾರಿದವರನ್ನು ಸರ್ಕಾರ ಹಿಡಿಯಲಿಲ್ಲವಾ? ಹಿಡಿಯಿತು, ನಿಧಾನವಾಗಿ. ಬರೀ ಹೊಲ ಮಾರುವುದು ಅಪರಾಧ ಅಲ್ಲ, ಹೊಲಕ್ಕೆ ಹಣಕಾಸು ನಿಯಂತ್ರಕರ ಲೈಸೆನ್ಸೂ ಬೇಡ. ಆದರೆ ನೀವು ಕೊಳ್ಳಿ, ಅನುಮತಿ ನಾವು ತರುತ್ತೇವೆ, ಒಟ್ಟಿಗೆ ಬಿಲ್ಡರಿಗೆ ಮಾರುತ್ತೇವೆ ಅಂದರೆ ಅದು ಸಾಮೂಹಿಕ ಹೂಡಿಕೆ ಯೋಜನೆ ಆಗುತ್ತದೆ, ಲೈಸೆನ್ಸ್ ಬೇಕೇ ಬೇಕು. ಅಸೆಟ್ ಲ್ಯಾಂಡ್ ಅನ್ನುವ ಕಂಪನಿ ಸ್ಟ್ಯಾನ್‌ಸ್ಟೆಡ್, ನ್ಯೂಬರಿ, ಹ್ಯಾರೊಗೇಟ್ ಮುಂತಾದ ಆರು ಕಡೆ ಪ್ಲಾಟು ಮಾರಿತ್ತು. ಅದರ ಕೇಸಿನಲ್ಲಿ 2016ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಇದನ್ನು ಖಚಿತ ಮಾಡಿತು. ಕರಾರಿನ ಕಾಗದದಲ್ಲಿ ಅನುಮತಿ ತರುವುದು ನಮ್ಮ ಕೆಲಸ ಅಲ್ಲ ಅಂತ ಬರೆಸಿಕೊಂಡಿದ್ದರೂ, ಬಾಯಲ್ಲಿ ಹೇಳಿ ನಂಬಿಸಿದ್ದೇ ಲೆಕ್ಕಕ್ಕೆ ಬಂತು. ನಿಯಂತ್ರಕರು ಗೆದ್ದರು ಸರಿ. ಹಣ ಅಷ್ಟರಲ್ಲಿ ಎಲ್ಲೆಲ್ಲಿಗೋ ಹೋಗಿರುತ್ತದೆ.

ಇದರಲ್ಲಿ ನನಗೆ ತಮಾಷೆ ಅನಿಸುವ ಒಂದು ಸಂಗತಿ ಇದೆ. ನಾನು ಅನಿವಾಸಿ. ವಿದೇಶಿ ವಿನಿಮಯದ ಕಾಯ್ದೆ ಫೆಮಾದ ನಿಯಮದ ಪ್ರಕಾರ ನಾನು ಅರಸೀಕೆರೆಯಲ್ಲಿ ಒಂದು ಗುಂಟೆ ಬೇಸಾಯದ ಜಮೀನನ್ನೂ ಕೊಳ್ಳುವ ಹಾಗಿಲ್ಲ. ತೋಟ, ಫಾರ್ಮ್ ಹೌಸ್ ಕೂಡ ಇಲ್ಲ. ಅಪ್ಪನಿಂದ ಬಂದರೆ ಇಟ್ಟುಕೊಳ್ಳಬಹುದು ಅಷ್ಟೆ. 2020ರಲ್ಲಿ ಕರ್ನಾಟಕ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತ ಮಾಡಿದರು. ಅದು ಊರಲ್ಲಿರುವವರಿಗಾಯಿತು, ನನಗೆ ಫೆಮಾ ಅಡ್ಡ. ಆದರೆ ಇಂಗ್ಲೆಂಡಿನ ಹೊಲವನ್ನು ನಾನೂ ಕೊಳ್ಳಬಹುದು, ಬೆಂಗಳೂರಲ್ಲಿ ಕೂತವನೂ ಕೊಳ್ಳಬಹುದು. ಯಾರೂ ಕೇಳಲ್ಲ. ಊರಿನ ಮಣ್ಣಿನ ಆಸೆ ತೀರಿಸಿಕೊಳ್ಳಲು ಆಗದವರು ಬ್ರೋಷರ್‌ನ ಮಣ್ಣಿಗೆ ಬೇಗ ಸೋಲುತ್ತಾರೆ ಅಂತ ನನ್ನ ಗುಮಾನಿ.

ಬೆಂಗಳೂರಲ್ಲಿ ಕೂತವನಿಗೆ ವಿದೇಶಕ್ಕೆ ದುಡ್ಡು ಕಳಿಸಲು ಎಲ್‌ಆರ್‌ಎಸ್ ಅನ್ನುವ ಯೋಜನೆ ಇದೆ. ರಿಸರ್ವ್ ಬ್ಯಾಂಕು ಇದನ್ನು 2004ರಲ್ಲಿ ಶುರು ಮಾಡಿದಾಗ ಮಿತಿ 25,000 ಡಾಲರ್. ಏರುತ್ತಾ ಹೋಯಿತು. 2013ರ ಆಗಸ್ಟಿನಲ್ಲಿ ರೂಪಾಯಿ ಕುಸಿದಾಗ ಮಿತಿಯನ್ನು 75,000ಕ್ಕೆ ಇಳಿಸಿದರು, ಆ ಹಣದಲ್ಲಿ ವಿದೇಶದ ಆಸ್ತಿ ಕೊಳ್ಳಲೇಬಾರದು ಅಂದರು. ಮಾರನೇ ವರ್ಷ ಆ ನಿಷೇಧ ತೆಗೆದರು. 2015ರಿಂದ ತಲೆಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್. ಈಗ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಆಸ್ತಿಗೆ ಕಳಿಸುವ ಹಣದ ಮೇಲೆ ಬ್ಯಾಂಕಿನವರು ಶೇಕಡಾ 20 ಟಿಸಿಎಸ್, ಅಂದರೆ ಮುಂಚೆಯೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಅದು ತೆರಿಗೆಯಲ್ಲಿ ವಜಾ ಆಗುತ್ತದೆ, ಆದರೆ ಅಲ್ಲಿಯ ತನಕ ನಿಮ್ಮ ದುಡ್ಡು ಸರ್ಕಾರದ ಹತ್ತಿರ. ಮುಂದೆ ಮಾರಿ ಲಾಭ ಬಂದರೆ ಬ್ರಿಟನ್ನಿಗೂ ತೆರಿಗೆ ಕೊಡಬೇಕು. 2019ರ ಏಪ್ರಿಲ್‌ನಿಂದ ಹೊರದೇಶದವರು ಮಾರುವ ಯಾವ ಜಮೀನನ್ನೂ ಅವರು ಬಿಟ್ಟಿಲ್ಲ.

ದುಬೈ ವಿಷಯ ಕೇಳುವವರು ಇದ್ದಾರೆ, ಅದರಲ್ಲೂ ಮಂಗಳೂರು, ಉಡುಪಿ ಕಡೆಯವರು. ಅಲ್ಲಿ ಜನ ಕೊಳ್ಳುವುದು ಹೆಚ್ಚಾಗಿ ಫ್ಲ್ಯಾಟು. ಬಾಡಿಗೆ ಬರುತ್ತದೆ, ಮಾರಲು ಹೋದರೆ ಗಿರಾಕಿ ಸಿಗುತ್ತಾನೆ, ದಿರ್ಹಮ್ಮು ಡಾಲರಿಗೆ ಕಟ್ಟಿಕೊಂಡಿದೆ. 2008ರ ನಂತರ ಬೆಲೆ ನೆಲಕಚ್ಚಿದ್ದು ನೆನಪಿದ್ದರೆ ಸಾಕು. ಅದರ ಲೆಕ್ಕವೇ ಬೇರೆ. ಥಾಯ್ಲೆಂಡಿನಲ್ಲಿ ಬೀಚ್ ಪಕ್ಕದ ಭೂಮಿ ಅನ್ನುವವರಿಗೆ ಒಂದೇ ಮಾತು: ಅಲ್ಲಿ ಹೊರಗಿನವರ ಹೆಸರಿಗೆ ಭೂಮಿ ಆಗಲ್ಲ. ಸ್ಥಳೀಯರೊಬ್ಬರ ಹೆಸರಿನಲ್ಲಿ ಮಾಡಿಕೊಡುತ್ತೇವೆ ಅಂತಾರೆ. ಬೇನಾಮಿ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಮಟ್ಟಿಗೆ, ವಿದೇಶದ ಭೂಮಿ ಕೊಳ್ಳಬೇಕು ಅನ್ನುವವರನ್ನು ನಾನು ಬೇಡ ಅನ್ನಲ್ಲ. ಆ ಜಿಲ್ಲೆಯ ಕೌನ್ಸಿಲ್ಲಿನ ಲೋಕಲ್ ಪ್ಲ್ಯಾನು ತೆಗೆದು ನೋಡಿ ಅನ್ನುತ್ತೇನೆ. ಎಲ್ಲ ಕೌನ್ಸಿಲ್ಲಿನದೂ ಆನ್‌ಲೈನ್ ಇದೆ, ಪುಕ್ಕಟೆ. ಯಾವ ಹೊಲದಲ್ಲಿ ಮನೆ ಬರಲಿದೆ ಅಂತ ನಕ್ಷೆ ಸಮೇತ ಹಾಕಿರುತ್ತಾರೆ. ಬ್ರೋಷರ್‌ನ ಹೊಲ ಅದರಲ್ಲಿ ಇರಲ್ಲ. ಇದ್ದರೆ ಅದು ನಿಮ್ಮ ತನಕ ಬರುತ್ತಿರಲಿಲ್ಲ.

2024ರ ಡಿಸೆಂಬರಿನಲ್ಲಿ ಈಗಿನ ಲೇಬರ್ ಸರ್ಕಾರ ನಿಯಮ ಸಡಿಲಿಸಿ, ಗ್ರೀನ್ ಬೆಲ್ಟಿನೊಳಗೇ ಗ್ರೇ ಬೆಲ್ಟ್ ಅಂತ ಒಂದು ವರ್ಗ ಮಾಡಿತು. ಹಸಿರಿಗೆ ಅಷ್ಟೇನೂ ಉಪಯೋಗಕ್ಕೆ ಬಾರದ ಜಾಗಗಳಲ್ಲಿ ಮನೆ ಕಟ್ಟಲಿ ಅಂತ. ಐದು ವರ್ಷದಲ್ಲಿ 15 ಲಕ್ಷ ಮನೆ ಅವರ ಗುರಿ. ಇದು ನಿಜವಾದ ಬದಲಾವಣೆ, ಕೆಲವು ಹೊಲಗಳಿಗೆ ಅನುಮತಿ ಸಿಗುತ್ತದೆ ಕೂಡ. ಗೆಳೆಯನಿಗೆ ಬೆಂಗಳೂರಿಗೇ ಫೋನು ಬಂತು. ನಿಮ್ಮ ಪ್ಲಾಟಿಗೆ ಗಿರಾಕಿ ಇದ್ದಾನೆ, ಕೊಂಡ ಬೆಲೆಯ ಮೂರು ಪಟ್ಟು ಕೊಡುತ್ತಾನೆ, ಆದರೆ ಮೊದಲು ಕಾಗದ ಪತ್ರದ ಖರ್ಚಿಗೆ ಅಂತ ಒಂದಿಷ್ಟು ಕಳಿಸಿ ಅಂದರಂತೆ. ಒಮ್ಮೆ ಹಣ ಕಳೆದುಕೊಂಡವರ ಪಟ್ಟಿ ಕೈ ಬದಲಾಗುತ್ತಾ ಇರುತ್ತದೆ, ಕಳೆದದ್ದನ್ನು ವಾಪಸ್ ಕೊಡಿಸುತ್ತೇವೆ ಅಂತ ಎರಡನೇ ಸಲ ಕೈ ಹಾಕುತ್ತಾರೆ. ಇಲ್ಲಿಯ ಹಣಕಾಸು ನಿಯಂತ್ರಕರು ಇದರ ಬಗ್ಗೆ ಎಚ್ಚರಿಸುತ್ತಲೇ ಇದ್ದಾರೆ. ಕಳಿಸಬೇಡ ಅಂದೆ. ಕಳಿಸಲ್ಲ ಬಿಡು ಅಂದ. ಒಂದು ಕ್ಷಣ ತಡೆದು, ಅಕಸ್ಮಾತ್ ನಿಜ ಇದ್ರೆ ಅಂತಾನೂ ಕೇಳಿದ.

ಅವನ ಈಗಿನ ತಲೆನೋವು ಬೇರೆ. ಊರಿಗೆ ಹೋಗಿ ವರ್ಷಗಳಾಗಿ ಪೂರ್ತಿ ರೆಸಿಡೆಂಟ್ ಆಗಿದ್ದಾನೆ. ವಿದೇಶದ ಆಸ್ತಿಯನ್ನು ಪ್ರತಿ ವರ್ಷ ಐಟಿ ರಿಟರ್ನಿನ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಲೇಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಹಾಕುವ ಅವಕಾಶ ಇದೆ. 2024ರಲ್ಲಿ 20 ಲಕ್ಷದ ಒಳಗಿನ ಷೇರು, ಖಾತೆಗಳಿಗೆ ಈ ದಂಡದಿಂದ ವಿನಾಯಿತಿ ಕೊಟ್ಟರು. ಸ್ಥಿರಾಸ್ತಿಗೆ ಕೊಡಲಿಲ್ಲ. ಯಾರೂ ಕೊಳ್ಳದ ಹೊಲಕ್ಕೆ ಏನಂತ ಬೆಲೆ ಬರೆಯಲಿ ಅಂತ ಅವನು ಆಡಿಟರನ್ನು ಕೇಳಿದ. ಈಗಿನ ಬೆಲೆ ಬೇಡ ಸಾರ್, ನೀವು ಅವತ್ತು ಎಷ್ಟು ಕೊಟ್ಟಿರಿ ಅಷ್ಟು ಹಾಕಿ ಅಂದರಂತೆ ಆಡಿಟರು. ಫಾರಮ್ಮಿನಲ್ಲಿ ಕೇಳುವುದು ಅದನ್ನೇ. ಪಕ್ಕದ ಕಾಲಮ್ಮಿನಲ್ಲಿ ಆ ಆಸ್ತಿಯಿಂದ ಬಂದ ಆದಾಯ ಕೇಳುತ್ತದೆ. ಅಲ್ಲಿ ಪ್ರತಿ ವರ್ಷ ಸೊನ್ನೆ ಹಾಕುತ್ತಾನೆ.